ಬುಗ್ಗೆಯ ನೀರೂ ಬಾವಿಯ ಮೆಟ್ಟಿಲೂ

ಈ ವರ್ಷದ ಪ್ರವಾಸಕ್ಕೆ ಎಲ್ಲಿಗೆ ಹೋಗಬೇಕೆಂಬ ವಿಷಯವಾಗಿ ನಮ್ಮ ಅಂತಿಮ ಬಿ.ಎ. ತರಗತಿಯಲ್ಲಿ ನಡೆದ ಚರ್ಚೆ ಸಹಪಾಠಿಗಳಿಗೆ ನೆನಪಿರಬಹುದು. ಬಿಸಿನೀರಿನ ಬುಗ್ಗೆಯೊಂದನ್ನು ನೋಡಲೇಬೇಕೆಂದು ಕೆಲವರು ಹಟ ಹಿಡಿದರು. ಪುತ್ತೂರಿನ ಕಡೆಯ ಬೆಂದ್ರು ತೀರ್ಥವಾಗಲೆಂದು ಒಬ್ಬರು ಸೂಚಿಸಿದರೆ, ಹಣ ಕೂಡುವುದಾದರೆ ಬಿಹಾರದ ರಾಜಗೀರಿಗೇ ಹೋಗೋಣವೆಂದರು ಇನ್ನೊಬ್ಬರು. ನಾನು ಎದ್ದು ನಿಂತು ಲಕ್ಕುಂಡಿ ಎಂದೆ. ತರಗತಿಯೆಲ್ಲ ನಕ್ಕಿತು. “ಗದಗಿನಿಂದ ಹನ್ನೆರಡು ಕಿಲೋಮೀಟರಿಗೆ ಪ್ರವಾಸ ಅಂತಾರೇನ್ರೀ?” ಎಂಬ ಮಾತು ಹಿಂದಿನ ಬೆಂಚಿನಿಂದ ಬಂತು. ಅಂದು ಉತ್ತರ ಹೊಳೆಯದೆ ಕುಳಿತುಬಿಟ್ಟೆ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಬಿಸಿನೀರಿನ ಬುಗ್ಗೆಯನ್ನು ನಾನು ತುಚ್ಛವಾಗಿ ಎಣಿಸಿದವಳಲ್ಲ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಬಹು ಆಳಕ್ಕೆ ಇಳಿದು, ಭೂಗರ್ಭದ ಶಾಖದಿಂದ ಕಾದು, ಇನ್ನೊಂದು ಬಿರುಕಿನ ದಾರಿಯಿಂದ ಮೇಲಕ್ಕೆ ಬರುವುದು. ಅದಕ್ಕೆ ಹತ್ತಿರದಲ್ಲಿ ಜ್ವಾಲಾಮುಖಿಯೇ ಇರಬೇಕೆಂಬ ನಿಯಮವಿಲ್ಲ. ಪುತ್ತೂರು ತಾಲೂಕಿನ ಇರ್ದೆಯಲ್ಲಿರುವ ಬೆಂದ್ರು ತೀರ್ಥವು ಗಂಧಕದ ವಾಸನೆಯ ಬೆಚ್ಚನೆಯ ನೀರಿಗೆ ಹೆಸರಾದುದು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ. ರಾಜಗೀರಂತೂ ನಾವು ಇತಿಹಾಸದ ಪಾಠದಲ್ಲಿ ಓದಿದ ರಾಜಗೃಹ. ಬಿಂಬಿಸಾರ, ಅಜಾತಶತ್ರುಗಳ ಪಟ್ಟಣ, ಬುದ್ಧ ಮಹಾವೀರರು ನಡೆದಾಡಿದ ನೆಲ. ಹಳೆಯ ಪಟ್ಟಣದ ಸುತ್ತಲಿನ ಗುಡ್ಡಗಳ ಮೇಲೆ ಗಾರೆಯಿಲ್ಲದೆ ಪೇರಿಸಿದ ದೊಡ್ಡ ಕಲ್ಲುಗಳ ಕೋಟೆ ಇಂದಿಗೂ ಉಳಿದಿದೆ. ಅಲ್ಲಿಯ ವೈಭಾರಗಿರಿಯ ಬುಡದಲ್ಲಿರುವ ಬ್ರಹ್ಮಕುಂಡದ ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಅದೇ ಊರಿನಲ್ಲಿ ಸೂಫಿ ಸಂತರೊಬ್ಬರ ಹೆಸರಿನ ಮಖ್ದೂಮ್ ಕುಂಡವೂ ಉಂಟು. ಎರಡು ಕುಂಡಗಳ ಬಳಿ ಎರಡು ಬಗೆಯ ಪ್ರಾರ್ಥನೆಗಳು ನಡೆಯುತ್ತವೆ. ನೆಲ ಕಾಯಿಸಿ ಕಳುಹುವ ನೀರಿಗೆ ಮಾತ್ರ ಈ ಭೇದ ತಿಳಿಯದು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಊರಾದ ಶಿರಹಟ್ಟಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಪ್ರಾಚೀನ ಅವಶೇಷಗಳ ಮಗ್ಗುಲಲ್ಲಿ ಬುಗ್ಗೆಗಳಿರುವುದು ಆಕಸ್ಮಿಕವಲ್ಲ. ನೀರಿದ್ದಲ್ಲಿಗೆ ಜನ ಬಂದರು, ಜನರಿದ್ದಲ್ಲಿಗೆ ದೇವರೂ ದೊರೆಯೂ ಬಂದರು. ಆದರೆ ನೀರನ್ನು ಹಂಚಿಕೊಳ್ಳುವ ಬುದ್ಧಿ ಅಷ್ಟೇ ಸುಲಭವಾಗಿ ಬರಲಿಲ್ಲ. ತುರ್ಕಿ ದೇಶದಲ್ಲಿ ಹೈರಾಪೊಲಿಸ್ ಎಂಬ ಹಾಳುಪಟ್ಟಣದ ಪಕ್ಕದಲ್ಲಿ ಪಾಮುಕ್ಕಲೆಯ ಬಿಸಿನೀರಿನ ಬುಗ್ಗೆಗಳಿವೆ. ಆ ನೀರಿನಲ್ಲಿರುವ ಸುಣ್ಣದ ಅಂಶ ಹೆಪ್ಪುಗಟ್ಟಿ ಗುಡ್ಡದ ಇಳಿಜಾರೆಲ್ಲ ಬಿಳಿಯ ಜಗಲಿಗಳಾಗಿವೆ. ಕಳೆದ ಶತಮಾನದಲ್ಲಿ ಅವಶೇಷಗಳ ಮೇಲೆಯೇ ಹೋಟೆಲುಗಳು ಎದ್ದು, ಬುಗ್ಗೆಯ ನೀರನ್ನು ತಮ್ಮ ಕೊಳಗಳಿಗೆ ತಿರುಗಿಸಿಕೊಂಡುದರಿಂದ ಬಿಳಿಯ ಜಗಲಿಗಳು ಕಂದತೊಡಗಿದವು. 1988ರಲ್ಲಿ ಆ ಸ್ಥಳ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮುಂದೆ ಆ ಹೋಟೆಲುಗಳನ್ನು ಕೆಡವಬೇಕಾಯಿತು. ನಿಸರ್ಗವು ಎಲ್ಲರಿಗೆಂದು ಕೊಟ್ಟುದನ್ನು ಕೆಲವರು ತಮ್ಮ ಅಂಗಳಕ್ಕೆ ತಿರುಗಿಸಿಕೊಂಡ ಕಥೆ ಇದು. ಇಂಥ ಕಥೆಗಾಗಿ ತುರ್ಕಿಯವರೆಗೆ ಹೋಗಬೇಕಾಗಿಯೂ ಇಲ್ಲ. ಅದಕ್ಕಾಗಿಯೇ ನಾನು ಲಕ್ಕುಂಡಿಯ ಹೆಸರೆತ್ತಿದ್ದು.

ನಮ್ಮ ಸೀಮೆಯ ನೆಲ ಬಿಸಿನೀರನ್ನು ಉಕ್ಕಿಸಲಿಲ್ಲ. ಬೇಸಗೆಯಲ್ಲಿ ತಣ್ಣೀರಿಗೂ ಇಲ್ಲಿ ಬರವೇ. ನೀರು ತಾನಾಗಿ ಮೇಲೆ ಬರದ ನಾಡಿನಲ್ಲಿ ನಮ್ಮ ಹಿರಿಯರು ತಾವೇ ಮೆಟ್ಟಿಲು ಕಡಿದು ನೀರಿನ ಬಳಿಗೆ ಇಳಿದರು. ಶಾಸನಗಳ ಲೊಕ್ಕಿಗುಂಡಿಯೇ ಇಂದಿನ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು. 1192ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನ ನೆಲೆವೀಡು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಆ ಊರನ್ನು ಹಾಡಿ ಹೊಗಳುತ್ತಾರೆ. ಅವುಗಳಲ್ಲಿ ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡ ಮುಸುಕಿನ ಬಾವಿಯೇ ಚೆಲುವಾದುದು. ಮೆಟ್ಟಿಲುಗಳ ಸಾಲು ಒಂದರ ಕೆಳಗೊಂದು ಇಳಿಯುತ್ತ ಹೋಗುತ್ತದೆ. ಗೋಡೆಗಳಲ್ಲಿ ಅಲ್ಲಲ್ಲಿ ಆಟಿಕೆಯಂಥ ಪುಟ್ಟ ಗುಡಿಗಳು. ಒಂದು ಕೊಡ ನೀರಿಗಾಗಿ ಇಷ್ಟೊಂದು ಕೆತ್ತನೆಯೇ ಎಂದು ಬೆರಗಾಗುತ್ತದೆ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ನನ್ನ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಅಕ್ಷರ ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನನ್ನ ಕೈ ಹಿಡಿದುಕೊಂಡು ನಿಧಾನವಾಗಿ ಇಳಿದಳು. ಕೊನೆಯ ಮೆಟ್ಟಿಲಿನಲ್ಲಿ ನಿಂತು ಹಸಿರುಗಟ್ಟಿದ ನೀರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸುತ್ತ ಒಮ್ಮೆ ಕಣ್ಣಾಡಿಸಿ, ದನಿ ತಗ್ಗಿಸಿ ಕೇಳಿದಳು: “ತಂಗೀ, ನಾವು ಮುಟ್ಟಬಹುದೇನ ಇದನ್ನ?”

ಅಲ್ಲಿ ತಡೆಯುವವರು ಯಾರೂ ಇರಲಿಲ್ಲ. ಆದರೆ ಎಳೆಯ ವಯಸ್ಸಿನಲ್ಲಿ ಅವಳು ತನ್ನೂರಿನ ಹಳೆಯ ಬಾವಿಯ ಮೇಲೆ ಕೊಡ ಇಟ್ಟುಕೊಂಡು, ಇಳಿಯುವ ಹಕ್ಕಿದ್ದವರು ಬಂದು ನೀರು ಹೊಯ್ಯಲೆಂದು ತಾಸುಗಟ್ಟಲೆ ಕಾದವಳು. ಆ ಬಾವಿಗೂ ಚೆಂದದ ಮೆಟ್ಟಿಲುಗಳಿದ್ದವಂತೆ. “ಒಂದಿನಾನೂ ಇಳಿದು ನೋಡ್ಲಿಲ್ಲವ್ವಾ” ಎಂದಳು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯಲ್ಲಿ ಡಾ. ಅಂಬೇಡ್ಕರರು ಬೊಗಸೆ ನೀರು ಕುಡಿದರೆಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಆ ಬೊಗಸೆಯ ತೂಕವೇನೆಂಬುದು ನನಗೆ ತಿಳಿದದ್ದು ಅಂದು, ಅಜ್ಜಿಯ ಪಕ್ಕದಲ್ಲಿ.

ಸ್ಮಾರಕವನ್ನು ಅದರ ಕಲೆಗಾಗಿ ನೋಡಬೇಕು, ಈ ಹಳೆಯ ಕಹಿಯನ್ನು ಅಲ್ಲಿಗೆ ತರಬಾರದೆಂದು ಕೆಲವರು ಹೇಳುವುದುಂಟು. ಅವರ ಮಾತಿನಲ್ಲಿ ಸದುದ್ದೇಶವೇ ಇದ್ದೀತು. ಆದರೆ ಬಾವಿಯನ್ನು ಕಟ್ಟಿಸಿದ ದೊರೆಯ ಹೆಸರು ಇತಿಹಾಸವಾಗುವುದಾದರೆ, ಅಂಥ ಬಾವಿಗಳ ಮೇಲೆ ಕೊಡ ಹಿಡಿದು ನಿಂತವಳ ಕಾಯುವಿಕೆ ಏಕೆ ಇತಿಹಾಸವಾಗಬಾರದು? ಕಲ್ಲು ಕಡಿದವರ ಬೆವರೂ ಆ ಮೆಟ್ಟಿಲುಗಳಲ್ಲಿದೆ. ಅವರಲ್ಲಿ ಎಷ್ಟು ಮಂದಿಗೆ ಮರಳಿ ಇಳಿಯುವ ಅಪ್ಪಣೆ ಇತ್ತೋ! ಇದನ್ನು ನೆನೆದರೆ ಬಾವಿಯ ಚೆಲುವು ಕುಂದುವುದಿಲ್ಲ. ನಮ್ಮ ಹೊಣೆ ಹೆಚ್ಚುತ್ತದೆ. ಇನ್ನು ಕೆಲವರು, ನಲ್ಲಿ ಬಂದ ಮೇಲೆ ಬಾವಿಗಳ ಮಾತೇಕೆ ಎನ್ನುವರು. ಎಲ್ಲರಿಗೂ ಇಳಿಯುವ ಹಕ್ಕು ಬಂದ ಕಾಲಕ್ಕೆ ಬಾವಿಯಲ್ಲಿ ಹೂಳೂ ಪ್ಲಾಸ್ಟಿಕ್ಕೂ ತುಂಬಿರುವುದಾದರೆ, ಅದು ಹಕ್ಕನ್ನು ಕೊಟ್ಟಂತೆ ಹೇಗಾದೀತು?

ಆದುದರಿಂದ ನನ್ನ ಸೂಚನೆ ಇಷ್ಟೇ. ನಮ್ಮ ಇತಿಹಾಸ ಸಂಘವು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಗದಗ ತಾಲೂಕುಗಳ ಹಳೆಯ ಬಾವಿ ಹೊಂಡಗಳ ಒಂದು ಪಟ್ಟಿ ಮಾಡಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನೂರಿನ ಒಂದು ಬಾವಿಯನ್ನು ಅಳೆದು ಬರೆಯಲಿ. ಉದ್ದಗಲಗಳ ಜೊತೆಗೆ, ಅಲ್ಲಿ ಯಾರು ಇಳಿಯುತ್ತಿದ್ದರು, ಯಾರು ಮೇಲೆ ನಿಲ್ಲುತ್ತಿದ್ದರು ಎಂಬುದನ್ನು ಊರಿನ ಮುದುಕ ಮುದುಕಿಯರಿಂದ ಕೇಳಿ ಬರೆದುಕೊಳ್ಳಲಿ. ಅಳತೆಯನ್ನು ಹತ್ತು ವರ್ಷ ಬಿಟ್ಟು ಹಿಡಿದರೂ ನಡೆದೀತು; ಅವರ ಮಾತು ಅಷ್ಟು ಕಾಲ ನಮಗಾಗಿ ಕಾಯಲಾರದು. ಸಂರಕ್ಷಣೆಯ ಇಲಾಖೆಗಳಿಗೆ ಸೇರದ ಬಾವಿಗಳಲ್ಲಿ, ಪಂಚಾಯತಿಯ ಒಪ್ಪಿಗೆ ಪಡೆದು, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಿಂದ ಹೂಳು ತೆಗೆಯಬಹುದು. ಗುರುಗಳು ದಾರಿ ತೋರಿದರೆ ನಾವು ಬುಟ್ಟಿ ಹೊರಲು ಸಿದ್ಧ.

ಪ್ರವಾಸ ಬೆಂದ್ರು ತೀರ್ಥಕ್ಕೇ ಆಗಲಿ, ರಾಜಗೀರಿಗೇ ಆಗಲಿ. ನಾನೂ ಸಂತೋಷದಿಂದ ಬರುವೆ. ಬೆಚ್ಚನೆಯ ನೀರಿನಲ್ಲಿ ಕಾಲಿಟ್ಟು ಕುಳಿತುಕೊಳ್ಳುವ ಆಸೆ ನನಗೂ ಉಂಟು. ಆದರೆ ಮೊದಲು ಒಂದು ದಿನ ಲಕ್ಕುಂಡಿಗೆ ಹೋಗೋಣ, ನಮ್ಮ ನಮ್ಮ ಅಜ್ಜಿಯರನ್ನೂ ಕರೆದುಕೊಂಡು.

ಅಂದು ಅಜ್ಜಿಯ ಪ್ರಶ್ನೆಗೆ ನಾನು ಬಾಯಿಂದ ಉತ್ತರ ಕೊಡಲಿಲ್ಲ. ಬಗ್ಗಿ ನೀರನ್ನು ಬೊಗಸೆಯಲ್ಲಿ ಎತ್ತಿ ಅವಳ ಕಾಲ ಮೇಲೆ ಹೊಯ್ದೆ. “ತಣ್ಣಗೈತಿ” ಎಂದಳು, ಆಮೇಲೆ ತಾನೇ ಬಗ್ಗಿ ಕೈ ಅದ್ದಿದಳು.