ಬಂದ ನೀರಿಗೆ ಲೆಕ್ಕವಿದೆ, ಹೋದ ನೀರಿಗೆ?

ಆಲಮಟ್ಟಿ ಎಷ್ಟು ತುಂಬಿತು, ಕಾಲುವೆಗೆ ಎಷ್ಟು ಬಿಟ್ಟರು, ಭೀಮೆಗೆ ಮಹಾರಾಷ್ಟ್ರ ನೀರು ಬಿಡುತ್ತದೋ ಇಲ್ಲವೋ ಎಂಬುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಚಹಾದಂಗಡಿಗಳಲ್ಲಿ ಎಲ್ಲರಿಗೂ ಬಾಯಿಪಾಠ. ಅದೇ ನೀರು ಬಚ್ಚಲು ದಾಟಿದ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ. ‘ಗಟಾರಕ್ಕೆ’ ಅನ್ನುತ್ತಾರೆ. ಗಟಾರದಿಂದ? ‘ಹಳ್ಳಕ್ಕೆ’. ಅಲ್ಲಿಗೆ ಮಾತು ಮುಗಿಯಿತು. ಈ ಜಿಲ್ಲೆಯ ಯಾವ ಹಳ್ಳ ಹಿಡಿದು ನಡೆದರೂ ಕೊನೆಗೆ ಸಿಗುವುದು ಭೀಮೆ, ಡೋಣಿ, ಇಲ್ಲವೇ ಕೃಷ್ಣೆ.

2011ರ ಜನಗಣತಿಯಲ್ಲಿ ಈ ನಾಲ್ಕೂ ಮೂವತ್ತರಿಂದ ನಲವತ್ತು ಸಾವಿರ ಜನರ ಊರುಗಳು. ಒಳಚರಂಡಿಯಿರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ಶೇ. 80 ಕೊಳಚೆ ಎಂಬುದು ಎಂಜಿನಿಯರುಗಳ ಲೆಕ್ಕ. 35 ಸಾವಿರ ಜನಕ್ಕೆ ಸುಮಾರು 38 ಲಕ್ಷ ಲೀಟರ್. ನಮಗೆ ಅಷ್ಟು ನೀರು ಎಲ್ಲಿ ಬರುತ್ತದಪ್ಪಾ ಎಂದು ನಗಬೇಡಿ. ಅರ್ಧವೇ ಬರಲಿ, 19 ಲಕ್ಷ. ಹತ್ತು ಸಾವಿರ ಲೀಟರಿನ 190 ಟ್ಯಾಂಕರ್, ಒಂದೇ ಊರಿನಿಂದ, ದಿನಾ. ಬರಗಾಲದಲ್ಲಿ ಇಂಡಿಯ ಲಿಂಬೆ ಬೆಳೆಗಾರ ಗಿಡ ಉಳಿಸಲು ದುಡ್ಡು ಕೊಟ್ಟು ತರಿಸುವುದು ಇದೇ ಟ್ಯಾಂಕರನ್ನು. ಆ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದಕ್ಕೆ ನಾವೆಲ್ಲ ಹಿಗ್ಗಿದವರೇ.

‘ಶುದ್ಧೀಕರಣ ಘಟಕ ಕಟ್ಟಿದರಾಯಿತು’ ಎನ್ನುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಅಂಕಿಗಳನ್ನು ನೋಡಲಿ. ದೇಶದ ನಗರ, ಪಟ್ಟಣಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ. ಕಟ್ಟಿರುವ ಘಟಕಗಳ ಸಾಮರ್ಥ್ಯ 31,841. ನಿಜಕ್ಕೂ ಶುದ್ಧವಾದದ್ದು 20,235. ಅಂದರೆ ಕಟ್ಟಿದ್ದರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಖಾಲಿ ಬಿದ್ದಿದೆ! ಕಾರಣ ಯಾರಿಗೂ ತಿಳಿಯದ್ದಲ್ಲ. ರಸ್ತೆ ಅಗೆಯಲು ಟೆಂಡರ್ ಇದೆ, ಶಂಕುಸ್ಥಾಪನೆಗೆ ಕಲ್ಲಿದೆ. ಬಚ್ಚಲಿನಿಂದ ರಸ್ತೆಯ ಕೊಳವೆಯವರೆಗಿನ ನಾಲ್ಕು ಮಾರು ಪೈಪು, ಪಂಪಿನ ಕರೆಂಟ್ ಬಿಲ್ಲು, ರಾತ್ರಿ ಪಾಳಿಯವನ ಸಂಬಳ, ಇವಕ್ಕೆ ರಿಬ್ಬನ್ ಕತ್ತರಿಸುವವರಿಲ್ಲ.

ಬೇರೆ ದಾರಿಗೆ ಪರದೇಶ ಸುತ್ತಬೇಕಿಲ್ಲ. ನಮಗಿಂತ ಚಿಕ್ಕ ಊರಾದ ದೇವನಹಳ್ಳಿಯಲ್ಲಿ 2015ರಿಂದ ಸೆಪ್ಟಿಕ್ ಟ್ಯಾಂಕುಗಳ ಹೂಳನ್ನು ಲಾರಿಯಲ್ಲಿ ತಂದು ಸಂಸ್ಕರಿಸುವ ಘಟಕವಿದೆ. ಹೂಳು ಒಣಗಿ, ಊರ ಹಸಿ ಕಸದ ಜೊತೆ ಕೊಳೆತು ಗೊಬ್ಬರವಾಗುತ್ತದೆ. ಬಚ್ಚಲ ನೀರಿಗೆ ಸಾಲು ಕೊಳಗಳು ಸಾಕು, ಕೆಲಸ ಬಿಸಿಲಿನದು. ಬಿಸಿಲಿಗೆ ನಮ್ಮಲ್ಲಿ ಬಡತನವೇ? ಜಾಗ ಬೇಕು, ನಿಜ. ಬಡಾವಣೆಗಳಿಗೆ ಸಿಗುವ ಜಾಗ ಇದಕ್ಕೂ ಸಿಗಲಿ.

ಇನ್ನೊಂದು ಮಾತು. ಮನುಷ್ಯರನ್ನು ಗುಂಡಿಗಿಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕಾಯಕದ ಮಾತನ್ನು ಹೆಮ್ಮೆಯಿಂದ ಆಡುವ ಬಸವಣ್ಣನ ನೆಲದಲ್ಲೂ ಮ್ಯಾನ್‌ಹೋಲಿಗೆ ಯಾರು ಇಳಿಯಬೇಕೆಂದು ಹೇಳುವುದು ಜಾತಿಯೇ. ಯಂತ್ರ ಮೊದಲು ಬರಲಿ, ಕೊಳವೆ ಆಮೇಲೆ.

ನಾನು ಕೇಳುತ್ತಿರುವುದು ಸಣ್ಣದು. ಪ್ರತಿ ತಿಂಗಳು ಪುರಸಭೆಯ ಗೋಡೆಗೆ ಒಂದು ಹಾಳೆ: ಊರಿಗೆ ಎಷ್ಟು ನೀರು ಬಂತು, ಎಷ್ಟು ಶುದ್ಧವಾಗಿ ಹೊರಹೋಯಿತು, ಉಳಿದದ್ದು ಯಾವ ಹಳ್ಳಕ್ಕೆ ಸೇರಿತು. ನಳದ ಕರ ಬಾಕಿದಾರರ ಪಟ್ಟಿಯ ಪಕ್ಕದಲ್ಲೇ ಅಂಟಿಸಲಿ.