ಅರಮನೆ ನೋಡಿ ಬಂದಿರಿ, ಲೆಕ್ಕ ಕೇಳಿ ಬಂದಿರಾ?

ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಮೈಸೂರಿನ ಕಡೆಗೆ ಬಸ್ಸುಗಳ ಸಾಲೇ ಹೊರಡುತ್ತದೆ. ಬೆಳಗಿನ ಜಾವ ಹೊರಟು, ದಾರಿಯಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್, ಮಧ್ಯಾಹ್ನಕ್ಕೆ ಮೈಸೂರಿನ ಅರಮನೆ, ಆಮೇಲೆ ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ, ನಡುರಾತ್ರಿಗೆ ಮನೆ. ಸರಕಾರದ ನಿಗಮವೂ ಈ ಒಂದು ದಿನದ ಪ್ರವಾಸ ನಡೆಸುತ್ತದೆ, ಖಾಸಗಿ ಬಸ್ಸಿನವರೂ ನಡೆಸುತ್ತಾರೆ. ಗಿರಣಿಯ ಕೆಲಸಗಾರರು ಚೀಟಿ ಹಾಕಿ ಹಣ ಕೂಡಿಸಿ ಸಂಸಾರ ಸಮೇತ ಹೋಗುತ್ತಾರೆ. ಸಣ್ಣ ಅಂಗಡಿಯವರು ವರ್ಷಕ್ಕೊಂದು ದಿನ ಬಾಗಿಲು ಹಾಕಿ ಹೋಗುತ್ತಾರೆ. ಹೋಗಲಿ, ಹೋಗಬೇಕು. ವಾರವಿಡೀ ದುಡಿದವನು ಹೆಂಡತಿ ಮಕ್ಕಳೊಡನೆ ಊರು ನೋಡಿ ಬರುವುದು ತಪ್ಪೆಂದು ಹೇಳುವವನು ನಾನಲ್ಲ. (ಹಾಗೆ ಹೇಳುವವರು ನಮ್ಮಲ್ಲಿಯೂ ಕೆಲವರಿದ್ದಾರೆ. ಅವರ ಕಣ್ಣಿಗೆ ಚಿತ್ರಾನ್ನದ ಪೊಟ್ಟಣವೂ ಪ್ರತಿಗಾಮಿ.)

ನನ್ನ ತಕರಾರು ಬೇರೆ. ಹೊರಗೆ ನಿಂತು ಟಿಕೇಟು ಕೊಂಡಾಗ ನಾಗರಿಕನಾಗಿದ್ದವನು, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೆ ದೊರೆಯ ಒಕ್ಕಲಾಗಿಬಿಡುತ್ತಾನೆ. ಬೆನ್ನು ತಾನಾಗಿ ಬಾಗುತ್ತದೆ, ದನಿ ತಾನಾಗಿ ತಗ್ಗುತ್ತದೆ. "ಎಂಥಾ ವೈಭವ! ಎಂಥಾ ಕಾಲ!" ಎಂಬ ಉದ್ಗಾರ ಬಿಟ್ಟರೆ ಬಾಯಿಂದ ಒಂದು ಪ್ರಶ್ನೆ ಹೊರಡುವುದಿಲ್ಲ. ನಾನು ಉಪಾಧ್ಯಾಯನಾಗಿದ್ದ ದಿನಗಳಲ್ಲಿ ಶಾಲಾ ಪ್ರವಾಸದ ಪ್ರಬಂಧಗಳನ್ನು ರಾಶಿರಾಶಿಯಾಗಿ ಓದಿದ್ದೇನೆ. ಪ್ರತಿಯೊಂದು ಮಗುವೂ ಅಂಬಾರಿಯ ತೂಕ ಬರೆದಿರುತ್ತಿತ್ತು. ಆ ಚಿನ್ನವನ್ನು ಬಡಿದು ತಗಡು ಮಾಡಿದ ಅಕ್ಕಸಾಲಿಯ ಸುದ್ದಿ ಒಂದರಲ್ಲಿಯೂ ಇರುತ್ತಿರಲಿಲ್ಲ. ಮಾರ್ಗದರ್ಶಿ ಹೇಳದ್ದನ್ನು ಮಗು ಎಲ್ಲಿಂದ ಬರೆದೀತು?

ಆದ್ದರಿಂದ ಲೆಕ್ಕದಿಂದಲೇ ಮೊದಲು ಮಾಡೋಣ. 1897ರಲ್ಲಿ ರಾಜಕುಮಾರಿಯೊಬ್ಬರ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಸಿಕ್ಕಿತು. ಹೊಸದಕ್ಕೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿ ನಕ್ಷೆ ಹಾಕಿದ. 1912ರಲ್ಲಿ ಕೆಲಸ ಮುಗಿದಾಗ ತಗುಲಿದ ವೆಚ್ಚ 41,47,913 ರೂಪಾಯಿ. ಕಲ್ಯಾಣ ಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಇದು ಯಾವ ಅರಸನೂ ಉತ್ತು ಬಿತ್ತು ಗಳಿಸಿದ ಹಣವಲ್ಲ. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದುದು ರೈತನ ಕಂದಾಯದಿಂದ, ಕೂಲಿಯವನು ಕುಡಿದ ಹೆಂಡ ಸಾರಾಯಿಯ ಅಬಕಾರಿಯಿಂದ, ಕೋಲಾರದ ಗಣಿಯಾಳ ಪಾತಾಳಕ್ಕಿಳಿದು ತೆಗೆದ ಚಿನ್ನದ ರಾಜಧನದಿಂದ. ಅರಮನೆ ಏಳುತ್ತಿದ್ದ ಅದೇ ಕಾಲದಲ್ಲಿ, 1898ರಲ್ಲಿ, ಪ್ಲೇಗು ಮೈಸೂರು ಸೀಮೆಗೆ ನುಗ್ಗಿ ಊರಿಗೆ ಊರೇ ಜೋಪಡಿ ಹಾಕಿಕೊಂಡು ಬಯಲಿಗೆ ಹೋಯಿತು.

ಬೆಂಗಳೂರಿನ ಅರಮನೆಯ ಕಥೆ ಇನ್ನೂ ಸೊಗಸು. ಗ್ಯಾರೆಟ್ ಎಂಬ ಪಾದ್ರಿಯ ಆಸ್ತಿಯಾಗಿದ್ದ ಅದನ್ನು 1873ರಲ್ಲಿ 40,000 ರೂಪಾಯಿಗೆ ಕೊಂಡರು. ಕೊಂಡವರಾರು? ಆಗ ಮೈಸೂರನ್ನು ಆಳುತ್ತಿದ್ದ ಬ್ರಿಟಿಷರು, ಇನ್ನೂ ಪ್ರಾಯಕ್ಕೆ ಬಾರದ ಅರಸುಮಗುವಿನ ಹೆಸರಿನಲ್ಲಿ. ಮುಂದಿನ ನಾಲ್ಕೈದು ವರ್ಷ ಅದನ್ನು ಇಂಗ್ಲೆಂಡಿನ ಕೋಟೆಮನೆಯ ಮಾದರಿಯಲ್ಲಿ ಅಂದಗೊಳಿಸುತ್ತ ಹೋದರು. ಆ ವರ್ಷಗಳು ಯಾವುವು ಬಲ್ಲಿರಾ? ನಮ್ಮ ಹಳ್ಳಿಯ ಮುದುಕಿಯರ ಬಾಯಲ್ಲಿ ಬಹುಕಾಲ ಉಳಿದಿದ್ದ ಧಾತು ಈಶ್ವರ ಬರದ ವರ್ಷಗಳು! 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಯ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಗಂಜಿಕೇಂದ್ರದ ದಾರಿಯಲ್ಲಿ ಹೆಣ ಬೀಳುತ್ತಿದ್ದ ನಾಡಿನಲ್ಲಿ ಮರದ ಕೆತ್ತನೆಯ ಕಿಟಕಿ ಕೂಡಿಸುತ್ತಿದ್ದರು. ಇಂದು ಆ ಅರಮನೆ ನೋಡಲು ಹೋದವರಿಗೆ ಕಿಟಕಿಯನ್ನು ತೋರಿಸುತ್ತಾರೆ.

"ಅಯ್ಯಾ, ಕನ್ನಂಬಾಡಿ ಕಟ್ಟಿದವರು ಅರಸರಲ್ಲವೆ? ವಿಶ್ವವಿದ್ಯಾನಿಲಯ ಕೊಟ್ಟವರು ಅವರಲ್ಲವೆ?" ಎಂದು ಕೇಳುವವರಿದ್ದಾರೆ. ನಿಜ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡಿಸಲು 1918ರ ಮಿಲ್ಲರ್ ಸಮಿತಿ—ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಇವನ್ನು ಅಲ್ಲಗಳೆಯುವವನು ಮೂರ್ಖ. ಆದರೆ ಒಳ್ಳೆಯ ಧಣಿಯೂ ಧಣಿಯೇ. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಇತ್ತೆಂದು ಹೊಗಳುತ್ತಾರೆ. ಅರಮನೆ ಕಟ್ಟುತ್ತಿದ್ದಾಗ ಆ ಸಭೆ ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ಬೊಕ್ಕಸದ ಬೀಗದ ಕೈ ಅದರ ಬಳಿ ಇರಲಿಲ್ಲ. ಇನ್ನು ಮೊದಲಿನ ವಿದ್ಯುತ್ತು ಹರಿದದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. ಗಣಿಯಾಳಿನ ಜೋಪಡಿಗಲ್ಲ, ಕಂಪನಿಯ ಯಂತ್ರಕ್ಕೆ.

ಆ ಬೀಗದ ಕೈ ಜನರ ಕೈಗೆ ಬಂದದ್ದು ಯಾವ ಅರಸನ ಔದಾರ್ಯದಿಂದಲೂ ಅಲ್ಲ. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರಕಾರ ಕೊಡಲು ಮೀನಮೇಷ ಎಣಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಎದ್ದಿತು. ವಿದ್ಯಾರ್ಥಿಗಳು, ಕೂಲಿಕಾರರು, ಅಂಗಡಿಕಾರರು ಬೀದಿಗಿಳಿದರು, ಸೆರೆಮನೆ ತುಂಬಿದರು. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಆ ಹುಡುಗನ ಹೆಸರಿನ ವೃತ್ತ ಅರಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿದೆ. ಒಂದು ದಿನದ ಪ್ರವಾಸದ ಬಸ್ಸು ಹಾರನ್ ಹೊಡೆದುಕೊಂಡು ಅದನ್ನು ದಾಟಿ ಹೋಗುತ್ತದೆ.

ಆಮೇಲೂ ಲೆಕ್ಕ ಮುಗಿಯಲಿಲ್ಲ. ಗಣರಾಜ್ಯವಾದ ಮೇಲೆ ಮೈಸೂರಿನ ಮಾಜಿ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಸಂದಿತು, ಅದೂ ತೆರಿಗೆಯಿಲ್ಲದೆ. ರೂಪಾಯಿಯ ಬೆಲೆ ಬದಲಾಗಿತ್ತೆಂದು ಒಪ್ಪೋಣ. ಆದರೂ ಎರಡೇ ವರ್ಷದ ರಾಜಧನ ಆ ಅರಮನೆ ಕಟ್ಟಿದ ವೆಚ್ಚವನ್ನು ಮೀರುತ್ತಿತ್ತು. 1971ರಲ್ಲಿ ಸಂವಿಧಾನಕ್ಕೆ 26ನೆಯ ತಿದ್ದುಪಡಿ ತಂದ ಮೇಲೆಯೇ ಅದು ನಿಂತದ್ದು. ಬೆಂಗಳೂರಿನ ಅರಮನೆಯನ್ನು ಸ್ವಾಧೀನ ಮಾಡಿಕೊಳ್ಳಲು 1996ರಲ್ಲಿ, ಮೈಸೂರಿನದಕ್ಕೆ 1998ರಲ್ಲಿ ಸರಕಾರ ಕಾಯಿದೆ ಮಾಡಿತು. ಆ ವ್ಯಾಜ್ಯಗಳು ದಶಕಗಟ್ಟಲೆ ನ್ಯಾಯಾಲಯದಲ್ಲಿ ಎಳೆದಾಡಿದವು. ಗುಡಿಸಲು ಕೆಡವಬೇಕಾದರೆ ಬೆಳಗ್ಗೆ ಎಂಟಕ್ಕೆ ಬುಲ್ಡೋಜರು ಬಂದು ಹತ್ತಕ್ಕೆ ಹೊರಟುಹೋಗುತ್ತದೆ.

ಈಗ ಅರಮನೆಯ ಹೊರಬಾಗಿಲಿಗೆ ಬನ್ನಿ. ಕೊಳಲು, ನವಿಲುಗರಿ, ಸೀಬೆಹಣ್ಣು, ಕಡಲೆಕಾಯಿ ಮಾರುವವರು ನಿಂತಿರುತ್ತಾರೆ. ಬಸ್ಸಿನವನು ಅರಮನೆಗೆ ಮುಕ್ಕಾಲು ಗಂಟೆ ಕೊಟ್ಟು, ತನಗೆ ಕಮಿಷನ್ ಸಿಗುವ ರೇಷ್ಮೆ ಸೀರೆಯ ದೊಡ್ಡ ಅಂಗಡಿಯ ಮುಂದೆ ಒಂದು ಗಂಟೆ ನಿಲ್ಲಿಸುತ್ತಾನೆ. ಬೀದಿಯ ಬುಟ್ಟಿಯವನಿಗೆ ಉಳಿಯುವುದು ಬಸ್ಸು ಹತ್ತುವಾಗಿನ ಐದು ನಿಮಿಷ. ದಸರಾ ಹತ್ತಿರ ಬಂದು ಗಣ್ಯರ ಕಾರು ಬರುವ ದಿನ ಆ ಐದು ನಿಮಿಷವೂ ಇಲ್ಲ. ಲಾಠಿ ತಿರುಗಿಸುತ್ತ ಓಡಿಸುತ್ತಾರೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾವ ಬೀದಿ ವ್ಯಾಪಾರಿಯನ್ನೂ ಎತ್ತಂಗಡಿ ಮಾಡಕೂಡದೆಂದು 2014ರ ಕಾಯಿದೆ ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕೆಂದೂ ಹೇಳುತ್ತದೆ. ಲಕ್ಷ ದೀಪ ಹಚ್ಚಿ ಅರಮನೆಯನ್ನು ಬೆಳಗಿಸುವವರ ಕಣ್ಣಿಗೆ ಈ ಎರಡು ಸಾಲು ಬಿದ್ದಿಲ್ಲ.

ಮುಂದಿನ ಭಾನುವಾರ ಹೋಗುವವರಿಗೆ ನನ್ನದು ಮೂರು ಮಾತು. ಮಾರ್ಗದರ್ಶಿ ಅಂಬಾರಿಯ ತೂಕ ಹೇಳಿದಾಗ, ಕಟ್ಟಿದವರ ದಿನಗೂಲಿ ಎಷ್ಟಿತ್ತೆಂದು ಗಟ್ಟಿಯಾಗಿ ಕೇಳಿ. ಸೀಬೆಹಣ್ಣನ್ನು ಬುಟ್ಟಿಯವಳಿಂದಲೇ ಕೊಳ್ಳಿ. ರಾಮಸ್ವಾಮಿ ವೃತ್ತದಲ್ಲಿ ಹತ್ತು ನಿಮಿಷ ಬಸ್ಸು ನಿಲ್ಲಿಸುವಂತೆ ಡ್ರೈವರಿಗೆ ಹೊರಡುವ ಮೊದಲೇ ಹೇಳಿಟ್ಟಿರಿ; ಸೀರೆ ಅಂಗಡಿಯ ಒಂದು ಗಂಟೆಯಲ್ಲಿ ಅದನ್ನು ಹಿಡಿದುಕೊಳ್ಳಬಹುದು.