ಶಾಲೆಯ ಬಾಗಿಲಲ್ಲೊಂದು ತಕ್ಕಡಿ ಇರಲಿ

ಬೆಳಿಗ್ಗೆ ಬೆಂಗಳೂರಿನ ಮರ್ಫಿ ಟೌನ್ ಮಾರ್ಕೆಟ್ ಕಡೆಯಿಂದ ಹಳೆ ಮದ್ರಾಸ್ ರಸ್ತೆಯತ್ತ ನಡೆದು ಹೋಗುವ ಶಾಲಾ ಮಕ್ಕಳನ್ನು ಮುಂದಿನಿಂದಲ್ಲ, ಪಕ್ಕದಿಂದ ನೋಡಿ. ಸೊಂಟದ ಮೇಲಿನ ಮೈ ಮುಂದಕ್ಕೆ ವಾಲಿದೆ, ಕತ್ತು ಅದಕ್ಕೂ ಮುಂದೆ ಚಾಚಿದೆ. ಬೆನ್ನ ಹಿಂದಿನ ಭಾರ ಹಿಂದಕ್ಕೆ ಎಳೆಯುತ್ತದೆ, ಬೀಳದಿರಲು ಮಗು ಮುಂದಕ್ಕೆ ಬಾಗುತ್ತದೆ. ಕತ್ತು, ಭುಜ, ಸೊಂಟದ ಸ್ನಾಯುಗಳು ದಾರಿಯುದ್ದಕ್ಕೂ ಬಿಗಿದೇ ಇರುತ್ತವೆ. ಸಂಜೆ ‘ಅಮ್ಮಾ, ಭುಜ ನೋಯ್ತಿದೆ’ ಎನ್ನುವುದು ಹೋಮ್‌ವರ್ಕ್ ತಪ್ಪಿಸಿಕೊಳ್ಳುವ ನೆಪವಲ್ಲ.

ಕರ್ನಾಟಕದಲ್ಲಿ ಶಾಲಾ ಚೀಲದ ತೂಕಕ್ಕೆ ನಿಯಮವಿದೆ. 2019ರ ಸರ್ಕಾರಿ ಆದೇಶದಂತೆ 1 ಮತ್ತು 2ನೇ ತರಗತಿಯ ಚೀಲ 2 ಕಿಲೋ ಮೀರುವಂತಿಲ್ಲ. 3ರಿಂದ 5ಕ್ಕೆ 3 ಕಿಲೋ, 6ರಿಂದ 8ಕ್ಕೆ 4, 9 ಮತ್ತು 10ಕ್ಕೆ 5 ಕಿಲೋ. ತಿಂಗಳ ಮೂರನೇ ಶನಿವಾರ ಚೀಲವೇ ಬೇಡ. 2023ರಲ್ಲಿ ಶಿಕ್ಷಣ ಇಲಾಖೆ ಇದನ್ನೇ ಮತ್ತೆ ನೆನಪಿಸಬೇಕಾಯಿತು. ಈ ಕಾಳಜಿ ಹೊಸದೂ ಅಲ್ಲ. ಮೈಸೂರಿನಲ್ಲಿ ನೆಲೆಸಿದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಚೀಲದ ಭಾರದ ಬಗ್ಗೆ ಮಾತಾಡಿದ್ದು 1989ರಲ್ಲಿ. ಶಾಲಾ ಮಕ್ಕಳ ಕಲಿಕೆಯ ಹೊರೆ ಕುರಿತ ಯಶ್‌ಪಾಲ್ ಸಮಿತಿಯ ವರದಿ ಬಂದದ್ದು 1993ರಲ್ಲಿ. ಅಂದು ಚೀಲ ಹೊತ್ತವರ ಮಕ್ಕಳು ಇಂದು ಚೀಲ ಹೊರುತ್ತಿದ್ದಾರೆ.

ನಿಯಮ ಸೋಲುವುದು ಎಲ್ಲಿ ಎಂದರೆ, ತೂಗುವವರೇ ಇಲ್ಲ. ತರಕಾರಿ ಮಾರುವವರ ಬಳಿಯೂ ತಕ್ಕಡಿ ಇದೆ. ಕಿಲೋ ಲೆಕ್ಕದ ಆದೇಶ ಪಾಲಿಸಬೇಕಾದ ಶಾಲೆಯ ಬಾಗಿಲಲ್ಲಿ ಯಾಕಿಲ್ಲ?

ತೂಗಿದರೆ ಮೊದಲು ಕಾಣುವುದು ಪುಸ್ತಕವಲ್ಲ, ನೀರು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಒಂದನೇ ತರಗತಿಯ ಮಗುವಿಗೆ ಅಷ್ಟಕ್ಕೇ ಅರ್ಧ ಮಿತಿ ಮುಗಿಯಿತು. ಶಾಲೆಯ ನೀರನ್ನು ತಾಯಂದಿರು ನಂಬುವಂತಿದ್ದರೆ ಖಾಲಿ ಬಾಟಲಿ ಕಳಿಸಬಹುದು. ಬೆನ್ನುನೋವಿನ ಮಾತು ಫಿಲ್ಟರಿನವರೆಗೆ ಹೋಗುತ್ತದೆ, ಹೋಗಲೇಬೇಕು. ಆಮೇಲೆ ಇನ್ನೂರು ಪುಟದ ನೋಟ್‌ಬುಕ್ಕುಗಳು, ಗೈಡು, ಟ್ಯೂಷನ್ ಪುಸ್ತಕ. ನಾಳೆ ಯಾವ ಪೀರಿಯಡ್ ಇದೆಯೋ, ಯಾವುದು ಇಲ್ಲವೋ ಎಂಬ ಭಯಕ್ಕೆ ಮಕ್ಕಳು ಎಲ್ಲವನ್ನೂ ತುಂಬಿಕೊಳ್ಳುತ್ತಾರೆ. ವೇಳಾಪಟ್ಟಿ ಹಾಕಿದಂತೆ ನಡೆದರೆ ಆ ಭಯವೂ ಇಲ್ಲ, ಆ ಭಾರವೂ ಇಲ್ಲ.

ಹಾಗೆಂದು ಪೋಷಕರನ್ನು ಹೆದರಿಸುವುದು ನನಗೆ ಬೇಕಿಲ್ಲ. 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 69 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ ಬಂತು. ಚೀಲವೇ ಮಕ್ಕಳ ಬೆನ್ನುನೋವಿಗೆ ಕಾರಣ ಎನ್ನಲು ಗಟ್ಟಿ ಪುರಾವೆ ಅದಕ್ಕೆ ಸಿಗಲಿಲ್ಲ. ಆದರೆ ಚೀಲ ಭಾರವೆಂದು ಹೇಳುವ ಮಕ್ಕಳಲ್ಲಿ ನೋವು ಹೆಚ್ಚೆಂದು ಅದರೊಳಗಿನ ಕೆಲವು ಅಧ್ಯಯನಗಳು ಹೇಳಿದ್ದವು. ಹಾಗಾಗಿ ಮಗು ‘ಭಾರ’ ಎಂದರೆ ತಕ್ಕಡಿಗಿಂತ ಮೊದಲು ಮಗುವನ್ನು ನಂಬಿ. ಗಂಟೆಗಟ್ಟಲೆ ಬೆಂಚಿನಲ್ಲಿ ಕೂತು, ಮನೆಗೆ ಬಂದು ಮೊಬೈಲಿಗೆ ಬಗ್ಗುವ ಬೆನ್ನಿಗೆ ಆಟ ಬೇಕು. ಓಡಿ, ನೇತಾಡಿ, ಈಜಿ ಬಲಿತ ಬೆನ್ನು ಚೀಲವನ್ನೂ ತಾಳಿಕೊಳ್ಳುತ್ತದೆ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆ ಆ ಬಲವನ್ನೇ ಕಿತ್ತುಕೊಳ್ಳುತ್ತದೆ.

ಮನೆಯಲ್ಲಿ ಮಾಡುವುದು ಹೆಚ್ಚಿಲ್ಲ. ಚೀಲ ಮಗುವಿನ ತೂಕದ ಹತ್ತನೇ ಒಂದನ್ನು ಮೀರದಿರಲಿ. ಇಪ್ಪತ್ತೈದು ಕಿಲೋ ಮಗುವಿಗೆ ಎರಡೂವರೆ. ದಪ್ಪ ಪುಸ್ತಕ ಬೆನ್ನಿಗೆ ತಾಗುವ ಕಡೆ ಇಡಿ. ಪಟ್ಟಿಗಳು ಅಗಲವಾಗಿರಲಿ, ಎರಡನ್ನೂ ಹಾಕಿಕೊಳ್ಳಲಿ, ಚೀಲ ಪೃಷ್ಠದವರೆಗೆ ಜೋಲಾಡದಂತೆ ಬಿಗಿ ಮಾಡಿ. ಒಂದೇ ಭುಜಕ್ಕೆ ನೇತುಹಾಕಿಕೊಳ್ಳುವುದು ಹೈಸ್ಕೂಲ್ ಹುಡುಗರ ಫ್ಯಾಷನ್. ಇಡೀ ಭಾರ ಒಂದೇ ಕಡೆ ಬಿದ್ದು ಬೆನ್ನು ಪಕ್ಕಕ್ಕೆ ವಾಲುತ್ತದೆ. ನೆಲದಿಂದ ಎತ್ತುವಾಗ ಮೊಣಕಾಲು ಮಡಚಲಿ. ಕೈಬೆರಳು ಜೋಮು ಹಿಡಿದರೆ, ನೋವು ರಾತ್ರಿ ನಿದ್ದೆ ಕೆಡಿಸಿದರೆ, ಕಾಲಿಗೆ ಇಳಿದರೆ ವೈದ್ಯರಿಗೆ ತೋರಿಸಿ.

ಉಳಿದದ್ದು ಶಾಲೆಯ ಕೆಲಸ. ತರಗತಿಯ ಗೋಡೆಗೊಂದು ಕಪಾಟು ಬಂದರೆ ಅಟ್ಲಾಸು, ನಿಘಂಟು, ಡ್ರಾಯಿಂಗ್ ಪುಸ್ತಕ ಅಲ್ಲೇ ಉಳಿಯುತ್ತವೆ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಕಪಾಟು, ಕುಡಿಯುವ ನೀರು, ತಕ್ಕಡಿ ಈ ಮೂರನ್ನು ಕೇಳಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯ ನಡಾವಳಿಯಲ್ಲಿ ಬರೆಸಿ.